‘ಕೆಟ್ಟ ಯೋಚನೆ’ ಅಂತ ಕೇಳಬಾರದಿತ್ತು

ಕಳೆದ ತಿಂಗಳು ನಮ್ಮ ಶಾಲೆಯಲ್ಲಿ ಒಂದು ಟ್ರೈನಿಂಗ್ ಇತ್ತು. ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹಸಿದ ಹೊಟ್ಟೆಯಲ್ಲೇ ಮೂರು ಗಂಟೆ ಕೂತೆವು. ಮಸ್ಟರ್‌ನಲ್ಲಿ ಸಹಿ, ಬ್ಯಾನರ್ ಮುಂದೆ ಫೋಟೋ, ಹೋಗುವ ಮೊದಲು ಗೂಗಲ್ ಫಾರ್ಮ್. ಹೇಳಲು ಬಂದವರು ತಿಳಿದವರೇ, ಮನಸ್ಸಿಟ್ಟು ಹೇಳಿದರು. ಆದರೆ ಸ್ಲೈಡೆಲ್ಲ ಇಂಗ್ಲಿಷ್‌ನಲ್ಲಿ, ಮಾತು ಅರ್ಧ ಹಿಂದಿಯಲ್ಲಿ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯಾ ಅಂದರು. ನಾನು ಎದ್ದು ನಿಂತೆ. “ಮಗುವಿಗೆ ಸಾಯುವ ಯೋಚನೆ ಬರುತ್ತಿದೆಯಾ ಅಂತ ತಿಳಿದುಕೊಳ್ಳಬೇಕು ಅಂದಿರಲ್ಲ, ಅದನ್ನು ಯಾವ ಮಾತಿನಲ್ಲಿ ಕೇಳಬೇಕು? ನಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲಿ?”

“ಸೂಕ್ಷ್ಮವಾಗಿ ಕೇಳಿ” ಅಂದರು.

ಸೂಕ್ಷ್ಮವಾಗಿ ಕೇಳಿಯೇ ನಾನು ಒಬ್ಬ ಹುಡುಗನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅದಾಗಿ ಎರಡು ವರ್ಷದ ಮೇಲಾಯಿತು. ಇವತ್ತಿಗೂ ರಾತ್ರಿ ನೆನಪಾದರೆ ಎದ್ದು ಕೂರುತ್ತೇನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವನನ್ನು ಗುರುತು ಹಿಡಿಯುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಮುಂಬಯಿಯ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಟೀಚರ್. ಕನ್ನಡ ಮತ್ತು ಇತಿಹಾಸ ನನ್ನ ವಿಷಯ. ಸೇರಿ 22 ವರ್ಷ. ಸೇರಿದಾಗ ಹತ್ತನೆಗೆ ಎರಡು ಡಿವಿಷನ್ ಇದ್ದವು. ಆ ವರ್ಷ, ಅಂದರೆ 2023ರಲ್ಲಿ, ಹತ್ತನೆಯಲ್ಲಿ ಒಟ್ಟು 31 ಮಕ್ಕಳು. ಅರ್ಧ ಮಕ್ಕಳು ಹೋಟೆಲ್ ಕೆಲಸಕ್ಕೆ ಬಂದ ಕರಾವಳಿಯವರ ಮನೆಯವರು. ಇನ್ನರ್ಧ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರ ಕಡೆಯವರು. ಒಂದೇ ಬೆಂಚಿನಲ್ಲಿ ಎರಡು ಬಗೆಯ ಕನ್ನಡ, ಆಟದ ಬಯಲಿಗೆ ಇಳಿದರೆ ಮರಾಠಿ, ಹಿಂದಿ.

ಈ ಹುಡುಗ ಕುಂದಾಪುರದ ಕಡೆಯವನು. ಅಪ್ಪ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಬೆಳಗ್ಗೆ ಐದಕ್ಕೆ ಹೋದರೆ ರಾತ್ರಿ ಹತ್ತೂವರೆಗೆ ಮನೆ. ಚಾಳಿನಲ್ಲಿ ಒಂದೇ ಖೋಲಿ. ಹುಡುಗನ ಕೈಯಲ್ಲಿ ಒಳ್ಳೆಯ ಚಿತ್ರ ಇತ್ತು. ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆಯಲ್ಲಿ ಎ ಗ್ರೇಡ್, ಇಂಟರ್ಮೀಡಿಯೆಟ್ ಕೂಡ ಮುಗಿಸಿದ್ದ. ನಮ್ಮ ಮಹಾರಾಷ್ಟ್ರ ಬೋರ್ಡಿನಲ್ಲಿ ಅದಕ್ಕೆ ಎಸ್ಸೆಸ್ಸಿಯಲ್ಲಿ, ಅಂದರೆ ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ, ಹೆಚ್ಚಿನ ಮಾರ್ಕ್ಸ್ ಕೊಡುತ್ತಾರೆ. ಹಾಗಾಗಿ ಅವನ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ಹತ್ತನೆ ಶುರುವಾಗಿ ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಗ ಬದಲಾದ. ದಿನಾ ಲೇಟ್. ಎರಡನೇ ಪೀರಿಯಡ್‌ಗೇ ಬೆಂಚಿನ ಮೇಲೆ ತಲೆ. ಸಣ್ಣ ಮಾತಿಗೆ ಸಿಡುಕುತ್ತಿದ್ದ. ಪಕ್ಕದವನು ರಬ್ಬರ್ ಕೇಳಿದ್ದಕ್ಕೆ ಕಂಪಾಸ್ ಬಾಕ್ಸನ್ನೇ ಎಸೆದ. ವಾರಕ್ಕೆರಡು ಸಲ ಹೊಟ್ಟೆನೋವು ಅಂತ ಆಫೀಸಿನ ಮುಂದೆ ನಿಲ್ಲುತ್ತಿದ್ದ. ಡಾಕ್ಟರಿಗೆ ತೋರಿಸಿದರೆ ಏನೂ ಇಲ್ಲ. ನಾನು ಅವನ ಕ್ಯಾಲೆಂಡರ್‌ನಲ್ಲಿ, ಅಂದರೆ ಮಕ್ಕಳು ಮನೆಯಲ್ಲಿ ತೋರಿಸಿ ಸಹಿ ಹಾಕಿಸಿಕೊಂಡು ಬರುವ ಶಾಲೆಯ ಪುಸ್ತಕದಲ್ಲಿ, ಒಂದೇ ತಿಂಗಳಲ್ಲಿ ನಾಲ್ಕು ರಿಮಾರ್ಕ್ ಬರೆದೆ. ‘ಗಮನ ಇಲ್ಲ.’ ‘ಸಮಯಕ್ಕೆ ಬರುವುದಿಲ್ಲ.’ ‘ಉದ್ಧಟತನ.’ ‘ನೆಪ ಹೇಳುತ್ತಾನೆ.’ ಎಲ್ಲದರ ಕೆಳಗೂ ನನ್ನ ಸಹಿ. ಅಪ್ಪನ ಸಹಿ ಒಂದರ ಕೆಳಗೂ ಇರಲಿಲ್ಲ. ಅದನ್ನೂ ನಾನು ತಪ್ಪು ಅಂತಲೇ ಎಣಿಸಿದೆ. ರಾತ್ರಿ ಹತ್ತೂವರೆಗೆ ಮನೆಗೆ ಬರುವ ಮನುಷ್ಯನಿಗೆ ತೋರಿಸುವುದು ಯಾವಾಗ ಅಂತ ಯೋಚಿಸಲಿಲ್ಲ.

ದೊಡ್ಡವರಿಗೆ ಮನಸ್ಸು ಕುಗ್ಗಿದರೆ ಮುಖ ಸೋತಿರುತ್ತದೆ, ಕಣ್ಣು ತುಂಬುತ್ತದೆ, ನಮಗೆ ಗೊತ್ತಾಗುತ್ತದೆ. ಹದಿನಾಲ್ಕು ಹದಿನೈದರ ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ ಹೊರಗೆ ಬರುತ್ತದೆ. ಹೊಟ್ಟೆನೋವು, ತಲೆನೋವು, ನಿದ್ದೆ ಏರುಪೇರು, ಇಷ್ಟದ ಕೆಲಸದಲ್ಲೂ ಆಸೆ ಇಲ್ಲದಿರುವುದು. ಇಂಥದ್ದು ಎರಡು ವಾರ ದಾಟಿ ನಿಂತರೆ ಡಾಕ್ಟರಿಗೆ ತೋರಿಸಬೇಕು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಬೆಂಗಳೂರಿನ ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ಮಕ್ಕಳಲ್ಲಿ 100ಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. 31 ಮಕ್ಕಳ ಕ್ಲಾಸಿಗೆ ಅದು ಇಬ್ಬರಾದರೂ ಆಯಿತು. ಪ್ರತಿ ವರ್ಷ ಇಬ್ಬರು ಅಂತ ಇಟ್ಟುಕೊಂಡರೂ, ನನ್ನ ಕೈಯಿಂದ ದಾಟಿ ಹೋದವರು ಎಷ್ಟು ಮಂದಿ? ಯಾರ ಯಾರ ಕ್ಯಾಲೆಂಡರ್‌ನಲ್ಲಿ ಉದ್ಧಟತನ ಅಂತ ಬರೆದಿದ್ದೆ? ಈ ಲೆಕ್ಕ ನನ್ನನ್ನು ಬಿಡುವುದಿಲ್ಲ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ವಾರ. ಅವನ ಮುಖ ನೋಡಿ ಯಾಕೋ ಮನಸ್ಸು ತಡೆಯಲಿಲ್ಲ. ರಿಸೆಸ್‌ನಲ್ಲಿ ಲ್ಯಾಬಿನ ಪಕ್ಕಕ್ಕೆ ಕರೆದೆ. ಓದು, ಮನೆ ಅಂತ ಒಂದೆರಡು ಮಾತು ಆಡಿದೆ. ಆಮೇಲೆ ದನಿ ತಗ್ಗಿಸಿ ಕೇಳಿದೆ.

“ನಿನಗೆ ಕೆಟ್ಟ ಯೋಚನೆ ಏನಾದ್ರೂ ಬರ್ತಿದೆಯಾ?”

ಅವನ ಕಿವಿ ಕೆಂಪಾಯಿತು. ನೆಲ ನೋಡಿದ. “ಇಲ್ಲ ಟೀಚರ್. ಅಂಥದ್ದೆಲ್ಲ ಏನಿಲ್ಲ.”

“ಖಂಡಿತಾ?”

“ದೇವರಾಣೆ ಇಲ್ಲ ಟೀಚರ್.”

ನನಗೆ ನಿರಾಳವಾಯಿತು. ಕ್ಲಾಸ್ ಟೀಚರ್ ಡೈರಿಯಲ್ಲಿ ಅವನ ಹೆಸರಿನ ಮುಂದೆ ಬರೆದೆ: ‘ಮಾತಾಡಿದೆ. ಓಕೆ.’ ಆ ಡೈರಿ ಇನ್ನೂ ನನ್ನ ಕಪಾಟಿನಲ್ಲಿದೆ.

ಡಿಸೆಂಬರ್ ಎರಡನೇ ವಾರಕ್ಕೆ ಹುಡುಗ ಮತ್ತೆ ಬದಲಾದ. ಸಮಯಕ್ಕೆ ಸರಿಯಾಗಿ ಬರತೊಡಗಿದ. ತಲೆ ಬಾಚಿಕೊಂಡು, ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು. ಸಿಡುಕು ಇಲ್ಲ. ನಕ್ಕು ಮಾತಾಡುತ್ತಿದ್ದ. ಸ್ಟಾಫ್ ರೂಮಿನಲ್ಲಿ ನಾನೇ ಹೇಳಿದೆ, “ನೋಡಿ, ಒಂದು ಸಲ ಕೂರಿಸಿ ಮಾತಾಡಿದ್ದಕ್ಕೆ ಹೇಗೆ ಸರಿಹೋದ.” ಎಲ್ಲರೂ ಹೌದು ಅಂದರು.

ಆ ಮಂಗಳವಾರ ಅವನು ತನ್ನ ಬಣ್ಣದ ಡಬ್ಬಿ ಏಳನೆಯ ಹುಡುಗನೊಬ್ಬನಿಗೆ ಕೊಟ್ಟ. ಮುಂದಿನ ವರ್ಷ ಎಲಿಮೆಂಟರಿಗೆ ಕೂರುವ ಹುಡುಗ. ಡಬ್ಬಿ ನನ್ನ ಟೇಬಲ್ ಮೇಲಿಟ್ಟು, “ಟೀಚರ್, ಅವನು ಬಂದರೆ ಕೊಟ್ಟುಬಿಡಿ” ಅಂದ. ನಾನು ತೆರೆದು ನೋಡಿದೆ. ಪೋಸ್ಟರ್ ಕಲರ್ ಬಾಟಲಿಗಳ ಮುಚ್ಚಳದ ಸುತ್ತ ಒಣಗದಂತೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದ. ಬ್ರಷ್‌ಗಳನ್ನೆಲ್ಲ ತೊಳೆದು, ಕೂದಲು ಮುರಿಯದಂತೆ ಸೈಜಿನ ಪ್ರಕಾರ ಜೋಡಿಸಿ, ಪೇಪರಿನಲ್ಲಿ ಸುತ್ತಿದ್ದ. ಬಿಳಿ ಬಣ್ಣದ ಬಾಟಲಿ ಮಾತ್ರ ಹೊಸದು. ಹಳೆಯದು ಖಾಲಿಯಾಗಿತ್ತು ಅಂತ ತನ್ನ ದುಡ್ಡಿನಲ್ಲಿ ಹೊಸದು ತಂದಿಟ್ಟಿದ್ದ.

ನನಗೆ ಕಣ್ಣು ತುಂಬಿ ಬಂತು. ಕ್ಲಾಸಿಗೆ ಹೋಗಿ ಎಲ್ಲರ ಮುಂದೆ ಅವನನ್ನು ಎಬ್ಬಿಸಿ ನಿಲ್ಲಿಸಿದೆ. “ಕೊಡುವ ಗುಣ ಅಂದ್ರೆ ಇದು. ಎಲ್ಲರೂ ಚಪ್ಪಾಳೆ ಹೊಡೀರಿ” ಅಂದೆ. 30 ಮಕ್ಕಳು ಚಪ್ಪಾಳೆ ಹೊಡೆದರು. ಅವನು ನಿಂತುಕೊಂಡು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

ಜೀವ ಬಿಡಲು ನಿರ್ಧಾರ ಮಾಡಿದವರು ಕೆಲವೊಮ್ಮೆ ಹೀಗೆ ಒಮ್ಮೆಲೇ ಹಗುರಾಗುತ್ತಾರೆ. ತಮಗೆ ಪ್ರೀತಿಯ ಸಾಮಾನನ್ನು ಹಂಚುತ್ತಾರೆ. ಇದು ಈ ಕೆಲಸದಲ್ಲಿರುವ ಡಾಕ್ಟರುಗಳಿಗೆ ಗೊತ್ತಿರುವ ಗುರುತು. ಬಿ.ಎಡ್. ಓದಿದ ನನಗೆ, ಟೀಚರ್ ಆಗಿ ಇಷ್ಟು ವರ್ಷ ಕಳೆದ ನನಗೆ, ಯಾರೂ ಹೇಳಿರಲಿಲ್ಲ. ನಾನು ಚಪ್ಪಾಳೆ ಹೊಡೆಸಿದೆ.

ಗುರುವಾರ. ನಾಲ್ಕನೇ ಪೀರಿಯಡ್ ನನಗೆ ಎಂಟನೆಯಲ್ಲಿ ಪ್ರಾಕ್ಸಿ, ಬೇರೊಬ್ಬರ ಬದಲಿಗೆ. ಕ್ಯಾಟಲಾಗ್ ತೆರೆದು ಹಾಜರಿ ಕರೆಯುತ್ತಿದ್ದೆ. ಬಾಗಿಲಲ್ಲಿ ನಮ್ಮ ಮಾವಶಿ, ಅಂದರೆ ಶಾಲೆಯ ಆಯಾ, ಬಂದು ನಿಂತರು. ಮಾವಶಿ ಎಂದೂ ಪೀರಿಯಡ್ ನಡುವೆ ಬರುವವರಲ್ಲ. ಸರ್ಕ್ಯುಲರ್ ಇದ್ದರೂ ಬೆಲ್ ಆಗುವವರೆಗೆ ಕಾಯುತ್ತಾರೆ. ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಾಗೇ ಇತ್ತು, ನೀರು ತೊಟ್ಟಿಕ್ಕುತ್ತಿತ್ತು.

“ಬಾಯೀ, ತ್ಯಾ ಪೋರಾಲಾ ಬಘಾ” ಅಂದರು. ಆ ಹುಡುಗನನ್ನು ನೋಡಿ ಅಂತ.

ಯಾರು ಅಂತ ಕೇಳಿದೆ. ಹೇಳಿದರು. ರಿಸೆಸ್‌ನಲ್ಲಿ ನೀರಿನ ನಲ್ಲಿಯ ಹತ್ತಿರ ಬಂದು ಅವರ ಕಾಲು ಮುಟ್ಟಿದನಂತೆ. ಏನಪ್ಪಾ, ಪರೀಕ್ಷೆ ಇನ್ನೂ ಜನವರಿಯಲ್ಲಿ ಅಲ್ವಾ ಅಂದರಂತೆ. ಅವನು ‘ಮಾವಶೀ, ಜಾತೋ’ ಅಂದನಂತೆ.

“ಯೇತೋ ಅನ್ನಲಿಲ್ಲ ಬಾಯೀ, ಜಾತೋ ಅಂದ.”

ನಮ್ಮಲ್ಲೂ ಹಾಗೇ ಅಲ್ವಾ. ಮನೆಯಿಂದ ಹೊರಡುವವರು ಹೋಗ್ತೇನೆ ಅನ್ನುವುದಿಲ್ಲ. ಬರ್ತೇನೆ ಅನ್ನುತ್ತಾರೆ. ಮಕ್ಕಳು ಮರೆತು ಹೋಗ್ತೇನೆ ಅಂದರೆ ಅಮ್ಮ ತಿದ್ದುತ್ತಾರೆ. ಮರಾಠಿಯವರಲ್ಲೂ ಅದೇ. ಇಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ.

ಆ ಒಂದು ಕ್ಷಣದಲ್ಲಿ ಬಣ್ಣದ ಡಬ್ಬಿ, ತೊಳೆದ ಬ್ರಷ್, ಇಸ್ತ್ರಿ ಮಾಡಿದ ಅಂಗಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೈಕಾಲು ತಣ್ಣಗಾಯಿತು.

ಎಂಟನೆಯ ಮಾನಿಟರ್‌ಗೆ ಕ್ಲಾಸ್ ನೋಡಿಕೋ ಅಂದು ಓಡಿದೆ. ಹತ್ತನೆಯ ಕ್ಲಾಸಿನಲ್ಲಿ ಅವನಿಲ್ಲ, ಬ್ಯಾಗೂ ಇಲ್ಲ. ಗಣಿತದ ಸರ್, “ಹೊಟ್ಟೆನೋವು ಅಂತ ಹೇಳಿ ಹೋದ” ಅಂದರು. ಆಫೀಸಿನಲ್ಲಿ ಇಲ್ಲ. ಗೇಟಿನ ವಾಚ್‌ಮನ್ ಯಾರೂ ಹೊರಗೆ ಹೋಗಿಲ್ಲ ಅಂದ. ನೀನು ಚಹಾಕ್ಕೆ ಹೋಗಿದ್ದೆಯಾ ಅಂದೆ. ಎರಡೇ ನಿಮಿಷ ಟೀಚರ್ ಅಂದ. ಆ ಎರಡು ನಿಮಿಷ ಕೇಳಿ ನನ್ನ ಕಾಲಲ್ಲಿ ಬಲವೇ ಇರಲಿಲ್ಲ. ಹೊರಗೆ ಓಡಲಾ, ಒಳಗೆ ಹುಡುಕಲಾ? ಮಾವಶಿ ಆಗಲೇ ಸ್ಟೇಜಿನ ಹಿಂದಕ್ಕೆ ಹೋಗಿದ್ದರು. ಅಲ್ಲಿಂದ ಕೈ ಬೀಸಿ ಕರೆದರು.

ಅಲ್ಲಿ ಡ್ರಾಯಿಂಗ್ ರೂಮ್ ಇದೆ. ಅವತ್ತು ಡ್ರಾಯಿಂಗ್ ಇಲ್ಲದ ದಿನ, ಬೀಗ ಹಾಕಿತ್ತು. ಬಾಗಿಲ ಮೆಟ್ಟಿಲ ಮೇಲೆ ಅವನು ಕೂತಿದ್ದ, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು. ನಾನು ಹೋಗಿ ಪಕ್ಕದಲ್ಲಿ ಕೂತೆ. ಓಡಿ ಬಂದ ಏದುಸಿರು ನಿಲ್ಲುತ್ತಿರಲಿಲ್ಲ. ಮೈದಾನದಲ್ಲಿ ಪಿ.ಟಿ. ನಡೆಯುತ್ತಿತ್ತು, ಏಕ್, ದೋನ್, ತೀನ್ ಅಂತ ಎಣಿಸುವುದು ಕೇಳುತ್ತಿತ್ತು.

ಏನು ಕೇಳಬೇಕು ಅಂತ ಗೊತ್ತಿತ್ತು. ಬಾಯಿ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸಾವಿನ ಮಾತು ಬಾಯಿಗೆ ಬಂದರೆ ಅಮ್ಮ ‘ಬಿಡ್ತು ಅನ್ನು’ ಅನ್ನುತ್ತಿದ್ದರು. ಕೆನ್ನೆ ಮುಟ್ಟಿಕೊಂಡು ಬಿಡ್ತು ಅಂದಮೇಲೇ ಊಟ. ಆ ಅಭ್ಯಾಸ ಐವತ್ತರ ಹತ್ತಿರ ಬಂದರೂ ನಾಲಿಗೆಯ ಮೇಲೇ ಇರುತ್ತದೆ. ಪಿ.ಟಿ. ಸರ್ ಎಣಿಸುವುದು ಹತ್ತಕ್ಕೆ ಹೋಗಿ ಮತ್ತೆ ಒಂದಕ್ಕೆ ಬಂತು. ಮತ್ತೆ ಹತ್ತಕ್ಕೆ ಹೋಯಿತು. ಆಮೇಲೆ ಕೇಳಿದೆ.

“ಸಾಯಬೇಕು ಅಂತ ಅನಿಸ್ತಿದೆಯಾ?”

ಅವನು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಹೂಂ.”

ಅಷ್ಟೇ. ಆದರೆ ಅಷ್ಟು ಹೇಳಿದ ಮೇಲೆ ಅವನ ಹೆಗಲು ಇಳಿದದ್ದನ್ನು ನಾನು ನೋಡಿದೆ. ದೊಡ್ಡ ಮೂಟೆ ಹೊತ್ತವನು ಯಾರೋ ಒಂದು ಕಡೆ ಕೈ ಕೊಟ್ಟಾಗ ಉಸಿರು ಬಿಡುತ್ತಾನಲ್ಲ, ಹಾಗೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ನಾವೆಲ್ಲ ಹೆದರುತ್ತೇವೆ. ಹಾಗೆ ಆಗುವುದಿಲ್ಲ ಅಂತ ಇದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಕೇಳುವುದರಿಂದ ಎಷ್ಟೋ ಸಲ ಮನಸ್ಸು ಹಗುರಾಗುತ್ತದೆ ಅಂತಲೂ ಹೇಳುತ್ತಾರೆ. ನಾನು ಅದನ್ನು ಆ ಮೆಟ್ಟಿಲ ಮೇಲೆ ಕಣ್ಣಾರೆ ಕಂಡೆ.

ಹೇಗೆ, ಯಾವಾಗ ಅಂತ ಯೋಚಿಸಿದ್ದೀಯಾ ಅಂತಲೂ ಕೇಳಿದೆ. ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ದಿನವೇ ಅಂತ ಮಾತ್ರ ಹೇಳುತ್ತೇನೆ.

ಆಮೇಲೆ ಕೇಳಿದೆ, “ಅವತ್ತು ಲ್ಯಾಬ್ ಹತ್ರ ಕೇಳಿದ್ದೆನಲ್ಲ, ಯಾಕೆ ಹೇಳಲಿಲ್ಲ?”

“ನೀವು ಕೆಟ್ಟ ಯೋಚನೆ ಅಂದ್ರಿ ಟೀಚರ್. ಮೊಬೈಲಲ್ಲಿ ಹುಡುಗರು ನೋಡ್ತಾರಲ್ಲ, ಅದರ ಬಗ್ಗೆ ಕೇಳ್ತಿದ್ದೀರಿ ಅಂದ್ಕೊಂಡೆ. ನಾಚಿಕೆ ಆಯ್ತು.”

ನಾನು ಅವನನ್ನು ಏನು ಕೇಳಿದ್ದೆ ಅಂತ ಅವನಿಗೆ ತಿಳಿದೇ ಇರಲಿಲ್ಲ. ದೇವರಾಣೆ ಇಲ್ಲ ಅಂತ ಅವನು ಉತ್ತರ ಕೊಟ್ಟದ್ದು ಬೇರೆ ಯಾವುದೋ ಪ್ರಶ್ನೆಗೆ. ಅದನ್ನು ನಂಬಿ ನಾನು ಓಕೆ ಅಂತ ಬರೆದಿದ್ದೆ. ಮೂರು ವಾರ ಆ ಹುಡುಗ ಒಬ್ಬನೇ ಇದ್ದ.

“ಅಪ್ಪನಿಗೆ ಹೇಳ್ಬೇಡಿ ಟೀಚರ್” ಅಂದ. ಹೇಳಲ್ಲ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಪುಣ್ಯಕ್ಕೆ ಅನ್ನಲಿಲ್ಲ. “ಅಪ್ಪನಿಗೆ ಹೇಳಲೇಬೇಕು. ಇದನ್ನು ಮುಚ್ಚಿಡೋಕೆ ನನಗೆ ಆಗಲ್ಲ. ಆದರೆ ಹೇಗೆ ಹೇಳೋದು ಅಂತ ನೀನೂ ನಾನೂ ಕೂತು ಯೋಚಿಸೋಣ. ಸ್ಟಾಫ್ ರೂಮಿನಲ್ಲಿ ಇದು ಮಾತಾಗದ ಹಾಗೆ ನಾನು ನೋಡ್ಕೋತೀನಿ” ಅಂದೆ. ಅವನು ಅತ್ತ. ನಾನು ತಡೆಯಲಿಲ್ಲ.

ಲೈಬ್ರರಿಯಲ್ಲಿ ಕೂರಿಸಿದೆವು. ಮಾವಶಿ ಒಂದು ಕಟಿಂಗ್ ಚಹಾ, ಎರಡು ವಡಾಪಾವ್ ತಂದರು. ಹಿಂದಿನ ದಿನ ಮಧ್ಯಾಹ್ನದಿಂದ ಅವನು ಏನೂ ತಿಂದಿರಲಿಲ್ಲ. ಅವರು ಅವನ ಪಕ್ಕದಿಂದ ಏಳಲೇ ಇಲ್ಲ. ನಾನು ಹೊರಗೆ ಬಂದು ಮೊದಲು ಅವನ ಅಪ್ಪನಿಗೆ ಫೋನ್ ಮಾಡಿದೆ. ಆಮೇಲೆ 14416ಕ್ಕೆ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ. ಸ್ಟಾಫ್ ರೂಮಿನ ಗೋಡೆಯಲ್ಲಿ ಅದರ ಪೋಸ್ಟರ್ ಇತ್ತು, ನಂಬರಿನ ಮೇಲೆ ಯಾರೋ ಟೈಮ್‌ಟೇಬಲ್ ಅಂಟಿಸಿದ್ದರು. ಎತ್ತಿ ನೋಡಿ ಡಯಲ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಗಾಬರಿ ಮಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೂರೇ ಮಾತು ಹೇಳಿದರು. ಒಂದು ಕ್ಷಣವೂ ಒಬ್ಬನೇ ಬಿಡಬೇಡಿ. ಅವನು ಹೇಳಿದ ಸಾಮಾನು ಮನೆಯಲ್ಲಿದ್ದರೆ ಅವನು ಮನೆ ಸೇರುವ ಮೊದಲು ತೆಗೆಸಿ, ಔಷಧಿ ಮಾತ್ರೆ ಇದ್ದರೆ ಬೀಗ ಹಾಕಿಸಿ. ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಎಚ್.ಎಂ. ರೂಮಿನಲ್ಲಿ ನಡೆದದ್ದನ್ನೂ ಹೇಳಬೇಕು. ಮ್ಯಾನೇಜ್‌ಮೆಂಟಿನ ಒಬ್ಬರಿಗೆ ಹೇಗೋ ಸುದ್ದಿ ಮುಟ್ಟಿತ್ತು. ಫೋನಿನಲ್ಲಿ ಅವರು ಕೇಳಿದ ಮೊದಲ ಮಾತು, “ಶಾಲೆಯೊಳಗೆ ಏನಾದರೂ ಆಯ್ತಾ?” ಎರಡನೆಯದು, “ಅಪ್ಪನನ್ನು ಕರೆಸಿ ಎಲ್.ಸಿ. ಕೊಟ್ಟು ಕಳಿಸಿಬಿಡಿ.” ಎಲ್.ಸಿ. ಅಂದರೆ ಶಾಲೆ ಬಿಡಿಸಿ ಕೊಡುವ ಸರ್ಟಿಫಿಕೇಟ್. ಬೋರ್ಡ್ ಪರೀಕ್ಷೆಗೆ ಮೂರು ತಿಂಗಳೂ ಇಲ್ಲ. ಎಸ್ಸೆಸ್ಸಿ ಫಾರ್ಮ್ ಹೋಗಿಯಾಗಿದೆ. ಆ ಹೊತ್ತಿನಲ್ಲಿ ಹುಡುಗನ ಕೈಗೆ ಎಲ್.ಸಿ. ಕೊಟ್ಟರೆ, ನೀನು ನಮಗೆ ಬೇಡ ಅಂತ ಸ್ಟಾಂಪ್ ಒತ್ತಿ ಕೊಟ್ಟ ಹಾಗೆ. ನಾನು ಜೋರಾಗಿಯೇ ಮಾತಾಡಿದೆ. ಎಚ್.ಎಂ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗ ನಮ್ಮ ಶಾಲೆಯಿಂದಲೇ ಪರೀಕ್ಷೆ ಬರೀತಾನೆ ಸಾರ್” ಅಂದು ಫೋನ್ ಇಟ್ಟರು. ಅದಕ್ಕೆ ಅವರಿಗೆ ನಾನು ಋಣಿ. ಮರುವಾರ ಸೂಪರ್‌ವೈಸರ್ ನನಗೊಂದು ಮೆಮೋ ಕೊಟ್ಟರು, ಎಂಟನೆಯ ಪ್ರಾಕ್ಸಿ ಪೀರಿಯಡ್ ಬಿಟ್ಟು ಹೋದದ್ದಕ್ಕೆ ವಿವರಣೆ ಕೇಳಿ. ಬರೆದು ಕೊಟ್ಟೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಬಿಟ್ಟು ಓಡುತ್ತೇನೆ ಅಂತಲೂ ಅದರಲ್ಲೇ ಬರೆದೆ.

ಅಪ್ಪ ಬಂದದ್ದು ಮುಕ್ಕಾಲು ಗಂಟೆಯ ನಂತರ. ಹೋಟೆಲಿನ ಟೋಪಿ ತಲೆಯ ಮೇಲೇ ಇತ್ತು, ಕೈಯಲ್ಲಿ ಒಣಗಿದ ಹಿಟ್ಟು. “ಎಂತ ಕಡಿಮೆ ಮಾಡಿದ್ದೇವೆ ಟೀಚರ್ ಅವನಿಗೆ?” ಅಂದರು. ಇದು ಕಡಿಮೆ ಹೆಚ್ಚಿನ ಪ್ರಶ್ನೆ ಅಲ್ಲ, ಜ್ವರ ಬಂದ ಹಾಗೆ ಇದು, ನಿಮ್ಮ ತಪ್ಪೂ ಅಲ್ಲ ಅವನ ತಪ್ಪೂ ಅಲ್ಲ ಅಂದೆ. ಪೊಲೀಸ್ ಕೇಸ್ ಆಗ್ತದಾ ಅಂತ ಕೇಳಿದರು. ಇಲ್ಲ ಅಂದೆ. ಇವನು ಏನೂ ಮಾಡಿಕೊಂಡಿಲ್ಲ. ಮಾಡಿಕೊಳ್ಳಲು ಹೋದವರನ್ನು ಕೂಡ ಅತಿಯಾದ ಮಾನಸಿಕ ಒತ್ತಡದಲ್ಲಿದ್ದವರು ಅಂತಲೇ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅಂತ 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಸೆಕ್ಷನ್ ಹೇಳುತ್ತದೆ. ಆಮೇಲೆ ಅವರು, “ಊರಿಗೆ ಕರ್ಕೊಂಡು ಹೋಗಿ ಜೋಯಿಸರ ಹತ್ರ ಒಂದು ಪ್ರಶ್ನೆ ಇಡಿಸುವ ಅಂತ” ಅಂದರು. ಇಡಿಸಿ, ಬೇಡ ಅನ್ನುವುದಿಲ್ಲ, ಆದರೆ ಮೊದಲು ಆಸ್ಪತ್ರೆ ಅಂದೆ.

ಆ ರಾತ್ರಿ ಅಪ್ಪ ಅಮ್ಮ ಸರದಿಯಲ್ಲಿ ಎಚ್ಚರ ಇದ್ದರು. ಬೆಳಗ್ಗೆ ಮುನ್ಸಿಪಾಲಿಟಿಯ ದೊಡ್ಡ ಆಸ್ಪತ್ರೆಗೆ ನಾನೂ ಹೋದೆ. ಕೇಸ್ ಪೇಪರ್ ಮಾಡಿಸಿ ಲೈನಿನಲ್ಲಿ ನಿಂತೆವು. ಬೋರ್ಡಿನ ಮೇಲೆ ಮರಾಠಿಯಲ್ಲಿ ‘ಮಾನಸೋಪಚಾರ ವಿಭಾಗ’ ಅಂತ ಇತ್ತು. ಅಪ್ಪ ಹಿಂದೆ ಸರಿದರು. “ಇದು ಹುಚ್ಚರ ಡಿಪಾರ್ಟ್‌ಮೆಂಟ್ ಅಲ್ವಾ ಟೀಚರ್” ಅಂದರು. ನನಗೆ ಹೇಳಲು ಏನೂ ತೋಚಲಿಲ್ಲ. ಅವರೇ ಅಕ್ಷರ ಕೂಡಿಸಿ ಮತ್ತೊಮ್ಮೆ ಓದಿದರು. “ಮಾನಸ... ಉಪಚಾರ. ಉಪಚಾರ ಅಂದ್ರೆ ನಾವು ಹೋಟ್ಲಲ್ಲಿ ಮಾಡುದು. ಬಂದವರಿಗೆ ಎಂತ ಬೇಕು ಕೇಳುದು.” ಮಗನ ಹೆಗಲ ಮೇಲೆ ಕೈ ಇಟ್ಟು ಒಳಗೆ ಹೋದರು.

ಡಾಕ್ಟರ್ ಇನ್ನೂ ಎಳೆಯ ಹುಡುಗಿ. ಮೊದಲು ಹುಡುಗನೊಬ್ಬನ ಜೊತೆಗೇ ಮಾತಾಡಿದರು. ಆಮೇಲೆ ಅವನೇ ನನಗೆ ಹೇಳಿದ, ಕೂತು ಐದು ನಿಮಿಷಕ್ಕೇ ಅವರೂ ಹಿಂದಿಯಲ್ಲಿ ಅದೇ ಪ್ರಶ್ನೆ ಕೇಳಿದರಂತೆ, ನಿದ್ದೆ ಬರುತ್ತಾ ಅಂತ ಕೇಳಿದ ಹಾಗೆಯೇ. ವಾರಕ್ಕೊಂದು ಸಲ ಕೌನ್ಸೆಲಿಂಗ್, ಜೊತೆಗೆ ಮಾತ್ರೆ. ಮಾತ್ರೆ ಇವತ್ತು ತಿಂದರೆ ನಾಳೆಗೆ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು, ಶುರುವಿನ ದಿನಗಳಲ್ಲಿ ಇನ್ನೂ ಜಾಸ್ತಿ ಗಮನ ಇಡಬೇಕು, ಸರಿಹೋದ ಅಂತ ನೀವೇ ನಿಲ್ಲಿಸಬಾರದು ಅಂತ ಅಪ್ಪನಿಗೆ ಬಿಡಿಸಿ ಹೇಳಿದರು.

ಕಾರಣ ಏನು ಅಂತ ಎಲ್ಲರೂ ನನ್ನನ್ನು ಕೇಳುತ್ತಾರೆ. ಪರೀಕ್ಷೆಯಾ, ಹುಡುಗಿಯಾ, ಮನೆಯಲ್ಲಿ ಜಗಳವಾ? ಒಂದೇ ಕಾರಣ ಇರಲಿಲ್ಲ. ನಿದ್ದೆ ಇರಲಿಲ್ಲ. ಊರಿನಲ್ಲಿ ಅವನನ್ನು ಸಾಕಿದ ಅಜ್ಜಿ ತೀರಿಕೊಂಡಿದ್ದರು, ಅಪ್ಪನಿಗೆ ರಜೆ ಸಿಗದೆ ಇವನು ಹೋಗಿರಲಿಲ್ಲ. ಹತ್ತನೆಯ ಒತ್ತಡ ಇತ್ತು. ಇಷ್ಟೆಲ್ಲದರ ಜೊತೆಗೆ ಕಾಯಿಲೆ ಇತ್ತು. ಇದೇ ಕಷ್ಟ ಇರುವ ಇನ್ನೂ ಹತ್ತು ಮಕ್ಕಳು ಅದೇ ಕ್ಲಾಸಿನಲ್ಲಿದ್ದರು, ಅವರಿಗೆ ಹೀಗಾಗಲಿಲ್ಲ. ಒಂದು ಕಾರಣ ಹುಡುಕಿ ಅದರ ಮೇಲೆ ತಪ್ಪು ಹೊರಿಸಿದರೆ ನಮ್ಮ ಮನಸ್ಸಿಗೆ ಸಮಾಧಾನ, ಮಗುವಿಗೆ ಏನೂ ಉಪಯೋಗ ಇಲ್ಲ.

ಶಾಲೆಯಲ್ಲಿ ಮಾಡಿದ್ದು ಸಣ್ಣ ಸಣ್ಣ ಕೆಲಸ. ಬಾಗಿಲ ಪಕ್ಕದ ಬೆಂಚು ಕೊಟ್ಟೆವು. ತಡೆಯಲಾಗದೆ ಇದ್ದರೆ ಯಾರನ್ನೂ ಕೇಳದೆ ಎದ್ದು ಲೈಬ್ರರಿಗೆ ಬರಬಹುದು, ಅಲ್ಲಿ ಯಾರಾದರೊಬ್ಬರು ಇರುತ್ತಾರೆ. ಉಳಿದ ಟೀಚರುಗಳಿಗೆ ಅವನು ಒಪ್ಪಿದಷ್ಟನ್ನೇ ಹೇಳಿದೆ. ಕ್ಯಾಲೆಂಡರ್‌ನ ಆ ಪುಟಗಳಲ್ಲಿ ನನ್ನ ನಾಲ್ಕು ರಿಮಾರ್ಕ್‌ಗಳ ಕೆಳಗೆ ‘ನನ್ನ ತಿಳುವಳಿಕೆ ತಪ್ಪು’ ಅಂತ ಬರೆದು ಮತ್ತೆ ಸಹಿ ಹಾಕಿದೆ. ಫೆಬ್ರವರಿಯಲ್ಲಿ, ಬೋರ್ಡಿಗೆ ಎರಡು ವಾರ ಇರುವಾಗ, ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, “ಟೀಚರ್, ಮತ್ತೆ ಬಂತು” ಅಂದ. ಏನು ಬಂತು ಅಂತ ಕೇಳುವ ಹಾಗಿರಲಿಲ್ಲ. ಆ ದಿನವೇ ಅಪ್ಪನ ಜೊತೆ ಆಸ್ಪತ್ರೆಗೆ ಕಳಿಸಿದೆವು. ಮಾರ್ಚಿನಲ್ಲಿ ಪರೀಕ್ಷೆ ಬರೆದ, ಪಾಸಾದ. ಈಗಲೂ ಫಾಲೋಅಪ್‌ಗೆ ಹೋಗುತ್ತಾನೆ. ಚಿತ್ರ ಬರೆಯುತ್ತಿದ್ದಾನೆ. ಬಣ್ಣದ ಡಬ್ಬಿ ವಾಪಸ್ ಕೊಡಿಸಲಾ ಅಂದಿದ್ದಕ್ಕೆ, “ಬೇಡ ಟೀಚರ್, ಅವನ ಪರೀಕ್ಷೆ ಆಗಲಿ” ಅಂದಿದ್ದ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಾಲೆಗೆ ತರಬೇತಾದ ಒಬ್ಬ ಕೌನ್ಸೆಲರ್ ಆದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ಟ್ರೈನಿಂಗ್ ಆಗಬೇಕು ಅಂತ. ನಮ್ಮಲ್ಲಿ ಐದನೆಯಿಂದ ಹತ್ತನೆವರೆಗೆ ಸೇರಿ 100 ದಾಟುತ್ತದೆ. ಟ್ರೈನಿಂಗ್ ಬಂದಿದೆ, ಕೌನ್ಸೆಲರ್ ಬಂದಿಲ್ಲ. ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದೇನೆ, ಬರುವವರೆಗೂ ಕೇಳುತ್ತೇನೆ. ಅಲ್ಲಿಯವರೆಗೆ ಮಕ್ಕಳ ಹತ್ತಿರ ಇರುವವರು ನಾವೇ.

ಹಾಗಾಗಿ ಆ ಟ್ರೈನಿಂಗ್ ಮುಗಿದ ಮರುವಾರ, ಶನಿವಾರ ಶಾಲೆ ಬಿಟ್ಟ ಮೇಲೆ, ನಾವು ನಾಲ್ಕು ಜನ ಸ್ಟಾಫ್ ರೂಮಿನಲ್ಲಿ ಉಳಿದೆವು. ಒಬ್ಬರು ಮಗು, ಒಬ್ಬರು ಟೀಚರ್. ಆ ಒಂದು ವಾಕ್ಯವನ್ನು ಎದುರಿನವರ ಮುಖ ನೋಡಿ ಹೇಳಬೇಕು. ಸುಮ್ನೆ ಓದುವ ಹಾಗಿಲ್ಲ. ಗಣಿತದ ಸರ್‌ಗೆ ಮೂರು ಸಲ ಆಗಲಿಲ್ಲ. ‘ಏನಾದ್ರೂ ಹೆಚ್ಚು ಕಮ್ಮಿ ಮಾಡ್ಕೋಬೇಕು ಅಂತ’ ಅಂದರು, ‘ಆ ಥರ ಏನಾದ್ರೂ’ ಅಂದರು. ನಾಲ್ಕನೇ ಸಲ ಹೇಳಿದರು. ಹೇಳಿ ಕಿಟಕಿಯ ಕಡೆ ಹೋಗಿ ನಿಂತರು. ಕಲಬುರಗಿ ಕಡೆಯ ಟೀಚರ್ ತಮ್ಮ ಮಾತಿನಲ್ಲಿ, “ಸಾಯಬೇಕ್ ಅನಸ್ಲಿಕತ್ತದ ಏನು ನಿನಗ?” ಅಂದರು. ಅವರ ಕಡೆಯ ಮಕ್ಕಳಿಗೆ ಅದೇ ಸರಿ.

ಮಾವಶಿಗೂ ಮರಾಠಿಯಲ್ಲಿ ಹೇಳಿಕೊಡೋಣ ಅಂತ ಕರೆದೆ. ಅವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಇಷ್ಟು ದಿನ ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ಆ ಹುಡುಗ ಜಾತೋ ಅಂದದ್ದು ಅವರ ಕಿವಿಗೆ ಮಾತ್ರ ಹೇಗೆ ಬಿತ್ತು ಅಂತ. ಅವತ್ತು ಕೇಳಿದೆ.

ಊರಿನಲ್ಲಿ ಅವರಿಗೊಬ್ಬ ತಮ್ಮ ಇದ್ದನಂತೆ. ಒಂದು ಸಲ ಹೇಳದೆ ಕೇಳದೆ ಮುಂಬಯಿಗೆ ಬಂದನಂತೆ. ಎರಡು ವರ್ಷದ ಹಿಂದೆ ತೆಗೆದುಕೊಂಡ ಸಾಲದಲ್ಲಿ ಕೈಲಾದಷ್ಟು ವಾಪಸ್ ಕೊಟ್ಟು, ಕಾಲು ಮುಟ್ಟಿ, ಊಟಕ್ಕೂ ನಿಲ್ಲದೆ ಹೊರಟನಂತೆ. ಖುಷಿಯಾಗಿದ್ದ ಬಾಯೀ ಅಂದರು. ನಾನೂ ಖುಷಿಪಟ್ಟೆ ಅಂದರು.

ಆಮೇಲೆ ಒಳಗೆ ಬಂದು, ಖಾಲಿ ಇದ್ದ ಕುರ್ಚಿಯಲ್ಲಿ ಗಣಿತದ ಸರ್ ಎದುರು ಕೂತರು.